ಕಣಿಪೂಜೆಯ ಬೆಳಿಗ್ಗೆ, ಬಾವಿಕಟ್ಟೆಯಲ್ಲಿ

ತುಲಾ ಸಂಕ್ರಮಣದ ದಿನ ಕೊಡವರ ಮನೆಯ ನಡುಕೋಣೆಯಾದ ನೆಲ್ಲಕ್ಕಿಯಲ್ಲಿ ದೀಪ ಹಚ್ಚಿ, ತೆಂಗಿನಕಾಯಿಗೆ ಕೆಂಪು ರೇಷ್ಮೆಯ ತುಂಡು ಸುತ್ತಿ, ಕೊರಳ ಆಭರಣವಾದ ಪತ್ತಾಕ್ ತೊಡಿಸಿ, ಹೂ ಮುಡಿಸಿ, ಅಕ್ಕಿ ಹರಡಿದ ತಟ್ಟೆಯ ಮೇಲೆ ಕೂರಿಸಿದರೆ ನಮಗೆ ಅದೇ ಕಾವೇರಮ್ಮೆ. ಎದುರಿಗೆ ಮೂರು ಜೊತೆ ವೀಳ್ಯದೆಲೆ, ಅಡಿಕೆ, ಗಾಜಿನ ಬಳೆಗಳ ಕಟ್ಟು. ಮನೆಯವರೆಲ್ಲ ಅಕ್ಕಿ ಹಾಕಿ ಅಡ್ಡಬಿದ್ದ ಮೇಲೆ ಹಿರಿಯ ಮುತ್ತೈದೆಯೊಬ್ಬಳು ಬಾವಿಯಿಂದ ನೀರು ಸೇದಿ ತರುತ್ತಾಳೆ. ಅಂದಿನ ಅಡುಗೆ ಶುರುವಾಗುವುದು ಆ ನೀರಿನಿಂದಲೇ. ಮಾಂಸವಿಲ್ಲದೆ ಹಬ್ಬವುಂಟೇ ಎನ್ನುವ ನಮ್ಮ ಮನೆಯ ಗಂಡಸರೂ ಆ ದಿನ ಮಾತ್ರ ದೋಸೆ, ಕುಂಬಳ ಕರಿ, ಪಾಯಸಕ್ಕೆ ತಕರಾರಿಲ್ಲದೆ ಕೂರುತ್ತಾರೆ.

ಮೊನ್ನೆಯ ಸಂಕ್ರಮಣದಲ್ಲಿ ಎಡವಟ್ಟಾದದ್ದು ಆ ನೀರಿನ ವಿಷಯದಲ್ಲಿ. ಅಷ್ಟು ವರ್ಷ ನೀರು ಸೇದುತ್ತಿದ್ದ ದೊಡ್ಡಮ್ಮನಿಗೆ ಈ ಸಲ ಮಂಡಿನೋವಿನಿಂದ ಮೆಟ್ಟಿಲು ಇಳಿಯುವುದೂ ಸಾಧ್ಯವಿರಲಿಲ್ಲ. ಅವರ ನಂತರ ಹಿರಿಯಳು ನನ್ನ ಅವ್ವ. ಆದರೆ ಅಪ್ಪ ತೀರಿಕೊಂಡು ಎರಡು ವರ್ಷ ಕಳೆದಿತ್ತು. ಯಾರೂ ಬಾಯಿಬಿಟ್ಟು ಬೇಡ ಎನ್ನಲಿಲ್ಲ. ನೆಂಟರಲ್ಲೊಬ್ಬರು ಬೇಸಿಗೆಯಲ್ಲಷ್ಟೇ ಮದುವೆಯಾಗಿ ಬಂದ ಅತ್ತಿಗೆಯ ಕಡೆ ತಿರುಗಿ, "ಹೊಸ ಸೊಸೆ ತಂದರೆ ಚೆಂದ" ಎಂದರು. ಅವ್ವ ಸೆರಗಿನ ತುದಿಯಿಂದ ಕೊಡದ ಕಂಠ ಒರೆಸುತ್ತಿದ್ದವಳು, ಒರೆಸುವುದನ್ನು ನಿಲ್ಲಿಸದೆ, ಕೊಡವನ್ನು ಸ್ವಲ್ಪ ಆಚೆ ಸರಿಸಿದಳು.

ಪ್ರತಿ ವರ್ಷ ಕಾವೇರಿಯ ಕಥೆಯನ್ನು ಮಕ್ಕಳಿಗೆ ಹೇಳುವವರು ದೊಡ್ಡಪ್ಪ. ಬ್ರಹ್ಮನ ಮಗಳು ಲೋಪಾಮುದ್ರೆ ಕವೇರ ಮುನಿಯ ಸಾಕುಮಗಳಾಗಿ ಬೆಳೆದು ಕಾವೇರಿಯಾದಳು. ಕೈ ಹಿಡಿಯಲು ಬಂದ ಅಗಸ್ತ್ಯರಿಗೆ ಅವಳು ಮೊದಲೇ ಒಂದು ಷರತ್ತು ಹಾಕಿದ್ದಳು: ತನ್ನನ್ನು ಒಂಟಿಯಾಗಿ ಬಿಟ್ಟುಹೋದರೆ ಹರಿದು ಹೊರಟುಬಿಡುತ್ತೇನೆ. ಋಷಿ ಒಪ್ಪಿದರು, ಒಂದು ದಿನ ಅವಳನ್ನು ಕಮಂಡಲುವಿನಲ್ಲಿಟ್ಟು, ಶಿಷ್ಯರನ್ನು ಕಾವಲಿಗೆ ಕೂರಿಸಿ, ಕನಕೆ ನದಿಯಲ್ಲಿ ಸ್ನಾನಕ್ಕೆ ಹೋದರು. ಅವಳು ಆಡಿದ ಮಾತಿನಂತೆ ಹೊರಟಳು. ಶಿಷ್ಯರು ಅಡ್ಡಗಟ್ಟಿದಾಗ ನೆಲದೊಳಕ್ಕೆ ಇಳಿದು, ಭಾಗಮಂಡಲದಲ್ಲಿ ಮತ್ತೆ ಮೇಲೆದ್ದಳು. ಬಲಮುರಿಯಲ್ಲಿ ಅವಳನ್ನು ಕಾಣಲು ದೇವಕಾಂತ ರಾಜನೊಡನೆ ನೆರೆದಿದ್ದ ಹೆಂಗಸರ ಸೀರೆಯ ನೆರಿಗೆಗಳು ನೀರಿನ ರಭಸಕ್ಕೆ ಹಿಂದಕ್ಕೆ ತಿರುಗಿದವೆಂದೂ, ಕೊಡವ ಹೆಂಗಸರು ಇಂದಿಗೂ ನೆರಿಗೆಯನ್ನು ಬೆನ್ನ ಕಡೆ ಉಡುವುದು ಅದರ ನೆನಪಿಗೆಂದೂ ಹೇಳಿ ದೊಡ್ಡಪ್ಪ ಕಥೆ ಮುಗಿಸುತ್ತಾರೆ. ಅವಳಲ್ಲಿ ಒಂದು ಭಾಗ ಅಗಸ್ತ್ಯರ ಹೆಂಡತಿಯಾಗಿ ಉಳಿದು, ಇನ್ನೊಂದು ಭಾಗ ನದಿಯಾಗಿ ಹರಿಯಿತು ಎನ್ನುವ ಪಾಠಾಂತರವೂ ಉಂಟು; ನಮ್ಮ ಮನೆಗಳ ಹೆಂಗಸರನ್ನು ಕಂಡ ನನಗೆ ಆ ಪಾಠವೇ ಹೆಚ್ಚು ನಿಜವೆನಿಸುತ್ತದೆ.

ಗಂಡನಾಗುವವನಿಗೆ ಷರತ್ತು ಹಾಕಿ, ಅವನು ಮಾತು ತಪ್ಪಿದಾಗ ಎದ್ದು ನಡೆದವಳನ್ನು ಕುಲದೇವತೆಯೆಂದು ಪೂಜಿಸುವ ನಾವು, ಅವಳ ಹೆಸರಿನ ಒಂದು ಕೊಡ ನೀರನ್ನು ಯಾರು ಸೇದಬೇಕೆಂದು ತೀರ್ಮಾನಿಸುವಾಗ ಆ ಹೆಂಗಸಿನ ಗಂಡ ಬದುಕಿದ್ದಾನೆಯೇ ಎಂದು ಲೆಕ್ಕ ಹಾಕುತ್ತೇವೆ. ನಮ್ಮ ಹಳೆಯ ಪದ್ಧತಿ ಇಷ್ಟು ಬಿಗಿಯಾಗಿಯೂ ಇರಲಿಲ್ಲ. ಮದುವೆಯಲ್ಲಿ ಪತ್ತಾಕನ್ನು ಹೆಣ್ಣಿನ ಕೊರಳಿಗೆ ಕಟ್ಟುವವಳು ಅವಳ ತಾಯಿ, ಗಂಡನಲ್ಲ. ವಿಧವೆಯ ಮರುಮದುವೆಗೂ ನಮ್ಮಲ್ಲಿ ದಾರಿಯಿತ್ತು. ಬೇಸಿಗೆಯಲ್ಲಿ ಅಣ್ಣನ ಮದುವೆಯಲ್ಲಿ ಅವನ ತಲೆಗೆ ಮೊದಲ ಅಕ್ಕಿ ಹಾಕಿ ಹರಸಿದವಳು ಅವ್ವ. ಆಗ ಸಲ್ಲುತ್ತಿದ್ದ ಕೈ ಅಕ್ಟೋಬರಿನ ಹೊತ್ತಿಗೆ ಬಾವಿಯ ಹಗ್ಗಕ್ಕೆ ಏಕೆ ಸಲ್ಲದಾಯಿತು? (ಹಾಗೆಂದು ನಮ್ಮ ಹಿರಿಯರು ಎಲ್ಲದರಲ್ಲೂ ಉದಾರಿಗಳಾಗಿದ್ದರು ಎನ್ನುತ್ತಿಲ್ಲ; ಒಕ್ಕದ, ಅಂದರೆ ಮನೆತನದ, ಯಜಮಾನಿಕೆಯಾದ ಪಟ್ಟೇದಾರಿಕೆ ಹಿರಿಯ ಗಂಡಸಿಗೇ ಬರುತ್ತದೆ.)

ಪೂಜೆಯ ಮುಂದೆ ಕೂತಿದ್ದಾಗ ವಿರಾಜಪೇಟೆಯ ಸಿ. ಬಿ. ಮುತ್ತಮ್ಮನವರೂ ನೆನಪಾದರು. 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ ಅವರು. ಆ ಸೇವೆಯ ನಿಯಮದಂತೆ ಹೆಣ್ಣು ಮದುವೆಯಾಗಲು ಸರ್ಕಾರದ ಲಿಖಿತ ಅನುಮತಿ ಪಡೆಯಬೇಕಿತ್ತು, ಮದುವೆಯಾದ ಮೇಲೆ ರಾಜೀನಾಮೆ ಕೇಳಿದರೆ ಕೊಡಬೇಕಿತ್ತು. ಅವರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 1979ರ ತೀರ್ಪಿನಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಆ ತಾರತಮ್ಯವನ್ನು ಕಟುವಾಗಿ ಟೀಕಿಸಿದರು. ಕಾವೇರಿ ಹಾಕಿದ ಷರತ್ತು ಗಂಡಿಗಾಗಿತ್ತು, ಇಲ್ಲಿ ಹೆಣ್ಣಿಗೇ ಷರತ್ತು ಹಾಕಿದ್ದರು. ಕಾವೇರಿಯ ನಾಡಿನ ಹೆಣ್ಣುಮಗಳು ಅದನ್ನು ಒಪ್ಪದೆ ಹೋದದ್ದರಲ್ಲಿ ನನಗೆ ಆಶ್ಚರ್ಯವಿಲ್ಲ.

ಬಾವಿಕಟ್ಟೆಗೆ ಬರುತ್ತೇನೆ. ಅತ್ತಿಗೆ ಕೊಡವನ್ನು ಎತ್ತಿಕೊಂಡವಳು ನೇರ ಅವ್ವನ ಬಳಿ ಬಂದು, "ಮಾವಿ, ಹಗ್ಗ ಎಳೆದು ನನಗೆ ಅಭ್ಯಾಸವಿಲ್ಲ, ಕೊಡ ಒಳಗೆ ಬಿದ್ದೀತು. ನೀವೇ ಬನ್ನಿ" ಎಂದಳು. ಅತ್ತೆಯನ್ನು ನಮ್ಮಲ್ಲಿ ಮಾವಿ ಎನ್ನುತ್ತಾರೆ. ಅವಳ ತವರಿನಲ್ಲಿ ಇಂದಿಗೂ ಬಾವಿಯಿಂದಲೇ ನೀರು ಸೇದುತ್ತಾರೆಂಬುದು ನನಗೆ ಗೊತ್ತಿತ್ತು, ಅಣ್ಣನಿಗೂ ಗೊತ್ತಿತ್ತು, ಇಬ್ಬರೂ ಸುಮ್ಮನಿದ್ದೆವು. ಅವ್ವ ದೊಡ್ಡಪ್ಪನ ಮುಖ ನೋಡಿದಳು. ಅವರು ಹೌದು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ, ದೀಪದ ಬತ್ತಿ ಸರಿಮಾಡಲು ಬಗ್ಗಿದರು. ಅಷ್ಟರಲ್ಲಿ ಒಳಕೋಣೆಯಿಂದ ದೊಡ್ಡಮ್ಮನ ದನಿ ಕೇಳಿಸಿತು: "ನೀರು ಬರಲಿ, ದೋಸೆ ಹಿಟ್ಟು ಕಾಯುತ್ತಾ ಇದೆ."

ಅವ್ವ ಸೇದಿದಳು. ರಾಟೆ ಎಂದಿನಂತೆ ಕಿರುಗುಟ್ಟಿತು. ಮಾತು ತೆಗೆದ ನೆಂಟರು ಪಾಯಸ ಒಲ್ಲೆನೆಂದು ಬೇಗ ಹೊರಟುಹೋದರು, ಅವರನ್ನು ಯಾರೂ ತಡೆಯಲಿಲ್ಲ.

ತಲಕಾವೇರಿಗೆ ಹೋದವರ ಕೈಯಲ್ಲಿ ಅಲ್ಲಿನ ಕುಂಡಿಕೆಯ, ಕಾವೇರಿ ಹುಟ್ಟುವ ಪುಟ್ಟ ಕೊಳದ, ತೀರ್ಥ ನಮ್ಮ ಮನೆಗೆ ಬಂದದ್ದು ಮಧ್ಯಾಹ್ನ. ಕೊನೆಯುಸಿರಿನ ಹೊತ್ತಿಗೆ ಬಾಯಿಗೆ ಬಿಡಲೆಂದು ಕೊಡಗಿನ ಮನೆಗಳಲ್ಲಿ ಅದನ್ನು ವರ್ಷವಿಡೀ ಕಾಪಿಡುತ್ತಾರೆ. ಅಪ್ಪನಿಗೆ ಆ ಗುಟುಕನ್ನು ಬಿಟ್ಟವಳು ಅವ್ವ; ಅಂದು ಬರಿದಾದ ಸೀಸೆಯನ್ನು ಆಮೇಲೆ ಯಾರೂ ಮುಟ್ಟಿರಲಿಲ್ಲ. ಅದನ್ನು ಅವಳೇ ಗೂಡಿನಿಂದ ತೆಗೆದು, ಬೆಳಿಗ್ಗೆ ಸೇದಿದ ನೀರಿನಲ್ಲಿ ಎರಡು ಸಲ ತೊಳೆದು, ಬಿಸಿಲಿಗೆ ಹಿಡಿದು ನೋಡಿ, ಹೊಸ ತೀರ್ಥ ತುಂಬಿಸಿ, ಮುಚ್ಚಳ ಬಿಗಿದು ಇದ್ದ ಜಾಗದಲ್ಲೇ ಇಟ್ಟಳು.