ಅಳಿಯನಿಗೆ ಓಪನ್ ಟಾಪ್ ಬೇಕಂತೆ

ದಾವಣಗೆರೆ
11 ಮೇ 2025, ಭಾನುವಾರ

ಅಕ್ಕನ ಮಗ ಕಾರು ತಗೊಳ್ತಾನಂತೆ. ಅಂತಿಂಥ ಕಾರಲ್ಲ, ಪೋರ್ಷೆ. ಸೆಕೆಂಡ್ ಹ್ಯಾಂಡೇ, ಆದರೂ ಪೋರ್ಷೆ ಪೋರ್ಷೆನೇ. ಮೆಕ್ಕೆಜೋಳದ ವ್ಯಾಪಾರದಲ್ಲಿ ನಾಲ್ಕು ಕಾಸು ನೋಡಿದ್ದಾನೆ, ಇನ್ನೂ ಮದುವೆ ಆಗಿಲ್ಲ. ಆಸೆ ಪಡೋ ವಯಸ್ಸು. ಬೆಂಗಳೂರಿನ ಡೀಲರ್ ಒಬ್ಬರ ಹತ್ತಿರ ಎರಡು ಕಾರು ನೋಡಿಟ್ಟು ಬಂದಿದ್ದಾನೆ. ಒಂದು ಬಾಕ್ಸ್‌ಸ್ಟರ್, ಬಟ್ಟೆ ಟಾಪಿನದು, ಬಟನ್ ಒತ್ತಿದರೆ ಮಡಚಿಕೊಂಡು ಹಿಂದೆ ಹೋಗುತ್ತೆ. ಇನ್ನೊಂದು ಕೇಮನ್. ಅದರದು ಗಟ್ಟಿ ಟಾಪ್, ತೆಗೆಯೋ ಮಾತೇ ಇಲ್ಲ. ಎರಡೂ 2014ರ ಮಾಡೆಲ್. ಎರಡಕ್ಕೂ 2.7 ಲೀಟರಿನ ಆರು ಸಿಲಿಂಡರ್ ಎಂಜಿನ್, ಅದೂ ಸೀಟಿನ ಬೆನ್ನ ಹಿಂದೆ. ಕೇಮನ್‌ದು 275 ಕುದುರೆ ಶಕ್ತಿ, ಬಾಕ್ಸ್‌ಸ್ಟರ್‌ದು 265. ಆ ಹತ್ತು ಕುದುರೆ ನಮ್ಮ ಹದಡಿ ರಸ್ತೆಯಲ್ಲಿ ಯಾರಿಗೂ ಗೊತ್ತಾಗಲ್ಲ ಬಿಡಿ. ರೇಟೂ ಹೆಚ್ಚುಕಡಿಮೆ ಒಂದೇ ಹೇಳ್ತಿದ್ದಾರಂತೆ. ಹಾಗಾಗಿ ತಕರಾರು ಇರೋದು ಟಾಪ್ ಒಂದರದ್ದೇ.

ನನ್ನನ್ನು ಕೇಳೋಕೆ ಕಾರಣ ಇದೆ. ನನ್ನದು ಕುಷನ್ ಅಂಗಡಿ. ಆಟೋ ಹುಡ್, ಜೀಪ್ ಹುಡ್, ಟ್ರ್ಯಾಕ್ಟರ್ ಸೀಟು, ಲಾರಿ ತಾಡಪತ್ರಿ, ಎಲ್ಲಾ ನಮ್ಮ ಮೆಷಿನ್ ಕೆಳಗೇ ಹಾದು ಹೋಗುತ್ತೆ. ಪೋರ್ಷೆ ಟಾಪ್ ಹೊಲಿದಿಲ್ಲ. ಆದರೆ ಬಟ್ಟೆ ಯಾವ ಕಂಪನಿದಾದರೂ ಬಟ್ಟೆನೇ, ದಾರ ದಾರನೇ.

"ಮಾವ, ಬಾಕ್ಸ್‌ಸ್ಟರ್ ತಗೊಂಡ್ರೆ ಎರಡೂ ಸಿಗುತ್ತಲ್ಲ? ಬೇಕಾದಾಗ ತೆಗಿ, ಬ್ಯಾಡಾದಾಗ ಮುಚ್ಚು. ಕೇಮನ್ ಆದ್ರೆ ಒಂದೇ ಅಲ್ವಾ?" ಅಂದ.

ಎಲ್ಲರೂ ಇದನ್ನೇ ಹೇಳ್ತಾರೆ. ಕೇಳೋಕೂ ಸರಿ ಅನಿಸುತ್ತೆ. ಆದರೆ ಬಟ್ಟೆಯನ್ನು ಮುಚ್ಚಿದರೆ ಅದು ತಗಡು ಆಗಿಬಿಡಲ್ಲ. ತೆಗೆದು ಓಡಿಸೋದು ವರ್ಷದಲ್ಲಿ ಯಾವಾಗಲೋ ಕೆಲವು ಗಂಟೆ. ಉಳಿದ ಹೊತ್ತೆಲ್ಲಾ ಅದು ಮುಚ್ಚಿಕೊಂಡೇ ನಿಂತಿರುತ್ತೆ. ಖರ್ಚು ಹುಟ್ಟೋದು ಆ ನಿಂತ ಹೊತ್ತಿನಲ್ಲಿ. ಅದಕ್ಕೇ ನಾನು ಮೊದಲು ಕೇಳಿದ್ದು ಸ್ಪೀಡ್ ಅಲ್ಲ, ಮೈಲೇಜ್ ಅಲ್ಲ. "ಕಾರು ಎಲ್ಲಿ ನಿಲ್ಲಿಸ್ತೀಯ?"

"ಮನೆ ಮುಂದೆ, ಹೊಂಗೆ ಮರದ ಕೆಳಗೆ."

ಅಲ್ಲಿಗೆ ನನಗೆ ಅರ್ಧ ಉತ್ತರ ಸಿಕ್ಕಿತು.

ಹುಡ್ ಹಾಳಾಗೋದು ಮಳೆಗೆ ಅಂತ ಜನ ತಿಳಿದಿದ್ದಾರೆ. ಹಾಳಾಗೋದು ಬಿಸಿಲಿಗೆ. ಮಳೆ ಬಂದಾಗ ಗೊತ್ತಾಗುತ್ತೆ, ಅಷ್ಟೇ. ಮೊದಲು ಸಾಯೋದು ಬಟ್ಟೆಯಲ್ಲ, ಹೊಲಿಗೆಯ ದಾರ. ಬಿಸಿಲು ತಿಂದೂ ತಿಂದೂ ದಾರ ಪುಡಿಪುಡಿಯಾಗುತ್ತೆ, ಉಗುರಲ್ಲಿ ಎಳೆದರೆ ಕೈಗೆ ಬರುತ್ತೆ. ಆಮೇಲೆ ಸೂಜಿ ಚುಚ್ಚಿದ ತೂತುಗಳಿಂದ ನೀರು ಒಳಗೆ. ಇಂಥ ಕಾರಿನ ಟಾಪ್ ನಮ್ಮ ಆಟೋ ಹುಡ್ಡಿನ ರೆಕ್ಸಿನ್ ಥರ ಒಂದೇ ಪದರ ಇರಲ್ಲ. ಮೇಲೆ ನೇಯ್ದ ಬಟ್ಟೆ, ನಡುವೆ ತೆಳ್ಳಗೆ ರಬ್ಬರ್, ಒಳಗೆ ಇನ್ನೊಂದು ಬಟ್ಟೆ. ನೀರು ತಡೆಯೋದು ನಡುವಿನ ರಬ್ಬರ್. ಒಳ್ಳೆ ಮಾಲು, ಅದರಲ್ಲಿ ಎರಡು ಮಾತಿಲ್ಲ. ಹಿಂದಿನ ಕಿಟಕಿಗೂ ನಿಜವಾದ ಗಾಜೇ ಇದೆ. ಬಾಕ್ಸ್‌ಸ್ಟರ್ ಶುರುವಾದಾಗ, ಅಂದರೆ 1996ರಲ್ಲಿ, ಅಲ್ಲಿ ಪ್ಲಾಸ್ಟಿಕ್ ಹಾಳೆ ಇತ್ತು. 2003ರ ಮಾಡೆಲ್‌ಗೆ ಗಾಜು ಬಂತು. ಜೀಪಿನ ಹಿಂದೆ ಹೊಲಿದ ಪ್ಲಾಸ್ಟಿಕ್ ಕಿಟಕಿ ಹಳದಿಯಾಗಿ ಮಡಚಿದ ಕಡೆ ಸೀಳೋದನ್ನ ನೋಡಿದವರಿಗೆ ಆ ಬದಲಾವಣೆ ಎಷ್ಟು ದೊಡ್ಡದು ಅಂತ ಗೊತ್ತು.

ಆದರೆ ಆ ಬಟ್ಟೆ ಜರ್ಮನಿಯ ಬಿಸಿಲು ನೋಡಿದ್ದು. ಏಪ್ರಿಲ್, ಮೇನಲ್ಲಿ ನಮ್ಮೂರಿನ ಬಿಸಿಲಿಗೆ ಪಾತ್ರೆ ತೊಳೆದಿಟ್ಟರೆ ಒರೆಸೋದೇ ಬೇಡ. ಮೇಲೆ ಜೋಳ ಒಣಗಿಸೋ ಕಾಲದ ಧೂಳು. ಮಂಡಕ್ಕಿ ಭಟ್ಟಿ ಕಡೆಯಿಂದ ಗಾಳಿ ಬೀಸಿದರೆ ಮಸಿ. ತಗಡಿನ ಮೇಲೆ ಮಸಿ ಬಿದ್ದರೆ ಒಂದು ಚೊಂಬು ನೀರು ಸಾಕು. ನೇಯ್ಗೆಯ ಒಳಗೆ ಕೂತ ಮಸಿ ಹಾಗೆ ಹೋಗಲ್ಲ. ಮೆತ್ತಗಿನ ಬ್ರಷ್ ಹಿಡಿದು, ಸೋಪು ನೀರಲ್ಲಿ, ನೇಯ್ಗೆ ಇರೋ ದಿಕ್ಕಿಗೆ ತಿಕ್ಕಬೇಕು. ವಾಟರ್ ಸರ್ವೀಸಿಗೆ ಕೊಟ್ಟರೆ ಹುಡುಗರು ಪ್ರೆಷರ್ ಪೈಪನ್ನು ನೇರ ಹೊಲಿಗೆ ಮೇಲೇ ಹಿಡೀತಾರೆ. ಲಾರಿ ಚಾಸಿಯ ಮಣ್ಣು ಬಿಡಿಸೋ ಪೈಪ್ ಅದು! ನಾನು ಹೊಲಿದ ಜೀಪ್ ಹುಡ್ಡುಗಳೇ ಹಾಗೆ ವಾಪಸ್ ಬಂದಿವೆ.

ಇನ್ನು ಹೊಂಗೆ ಮರ. ನೆರಳು ಒಳ್ಳೆಯದೇ. ಆದರೆ ಟಾಪ್ ಮಡಚೋ ಕಾರಲ್ಲಿ ಮೇಲಿನಿಂದ ಬಂದ ನೀರು ಹೊರಗೆ ಹೋಗೋಕೆ ಹಿಂದೆ ಎರಡೂ ಪಕ್ಕದಲ್ಲಿ ಸಣ್ಣ ತೂತು, ಪೈಪು ಇರುತ್ತೆ. ಹೊಂಗೆ ಹೂವು ಉದುರೋ ಕಾಲದಲ್ಲಿ ಮರದ ಕೆಳಗೆ ಚಾಪೆ ಹಾಸಿದ ಹಾಗಿರುತ್ತಲ್ಲ? ಅದೆಲ್ಲಾ ಆ ತೂತಿಗೆ. ಕಟ್ಟಿಕೊಂಡರೆ ನೀರು ಹೊರಗೆ ಹೋಗದೆ ಕಾರ್ಪೆಟ್ಟಿಗೆ ಇಳಿಯುತ್ತೆ. ಈಗಿನ ಕಾರುಗಳಲ್ಲಿ ಸೀಟಿನ ಕೆಳಗೇ ವೈರು, ಎಲೆಕ್ಟ್ರಾನಿಕ್ ಪೆಟ್ಟಿಗೆ. ಒಂದು ಹಿಡಿ ಹೂವಿಗೆ ಕಾರು ಸ್ಟಾರ್ಟೇ ಆಗದೆ ನಿಂತರೆ ದಾವಣಗೆರೆಯಲ್ಲಿ ಯಾರನ್ನ ಕರೀತಾನೆ? ಬೆಂಗಳೂರಿಗೆ ಟ್ರಕ್ ಮೇಲೆ ಹೇರಬೇಕು, 260 ಕಿಲೋಮೀಟರ್.

ಅವನಿಗೆ ಇದೆಲ್ಲ ಮುದುಕರ ಮಾತು ಅನಿಸಿತು. ಮುಖ ನೋಡಿದರೇ ಗೊತ್ತಾಗುತ್ತಲ್ಲ. ಅದಕ್ಕೆ ಒಂದು ಬೆಂಕಿಪೊಟ್ಟಣ ತಗೊಂಡೆ. ಕಡ್ಡಿ ಸುರಿದು, ಒಳಗಿನ ತಟ್ಟೆ ಹೊರಗೆಳೆದು ಅವನ ಕೈಗೆ ಕೊಟ್ಟೆ. "ಎರಡು ಕೈಯಲ್ಲಿ ಹಿಡಿದು ತಿರುಚು." ತಿರುಚಿದ, ಸುರುಳಿ ಆಯಿತು. ಅದನ್ನೇ ಮತ್ತೆ ನೆಟ್ಟಗೆ ಮಾಡಿ ಪೊಟ್ಟಣದೊಳಗೆ ತಳ್ಳಿ ಕೊಟ್ಟೆ. "ಈಗ ತಿರುಚು." ಬಗ್ಗಲಿಲ್ಲ.

ಕಾರಿನ ಚಾವಣಿ ಮಾಡೋ ಕೆಲಸ ಇದೇ. ನೆರಳು, ಮಳೆ ಅನ್ನೋದೆಲ್ಲಾ ಎರಡನೇ ಮಾತು. ಒಂದು ಚಕ್ರ ಹಂಪ್ ಹತ್ತಿ ಇನ್ನೊಂದು ಗುಂಡಿಗೆ ಇಳಿದಾಗ ಇಡೀ ಬಾಡಿ ತಿರುಚಿಕೊಳ್ಳೋಕೆ ನೋಡುತ್ತೆ. ಚಾವಣಿ ಇದ್ದರೆ ಆ ಭಾರ ಮೇಲೂ ಹಂಚಿಕೊಳ್ಳುತ್ತೆ. ಇಲ್ಲದಿದ್ದರೆ ಎಲ್ಲಾ ಕೆಳಗಿನ ನೆಲ, ಬಾಗಿಲ ಕೆಳಗಿನ ಪಟ್ಟಿ ಇವುಗಳ ಮೇಲೇ. ಅದಕ್ಕೇ ಸಾಮಾನ್ಯ ಕಾರಿನ ಚಾವಣಿ ಕತ್ತರಿಸಿ ಓಪನ್ ಮಾಡೋ ಕಂಪನಿಗಳು ಕೆಳಗೆ ದಪ್ಪ ಪಟ್ಟಿ ಸೇರಿಸ್ತಾರೆ. ಚಾವಣಿ ತೆಗೆದರೂ ತೂಕ ಜಾಸ್ತಿ ಆಗೋದು ಹೀಗೆ. ಎಷ್ಟೋ ಜನಕ್ಕೆ ಇದು ಉಲ್ಟಾ ಅನಿಸುತ್ತೆ.

ಬಾಕ್ಸ್‌ಸ್ಟರ್ ಮಟ್ಟಿಗೆ ಒಂದು ಮಾತು ಒಪ್ಪಬೇಕು. ಅದು ಕತ್ತರಿಸಿ ಮಾಡಿದ ಕಾರಲ್ಲ, ಹುಟ್ಟಿದ್ದೇ ಓಪನ್ ಆಗಿ. ಕೇಮನ್ 2005ರಲ್ಲಿ ಬಂದದ್ದು, ಅದರ ಮೇಲೆ ಚಾವಣಿ ಕಟ್ಟಿ. ಹಾಗೆ ಹುಟ್ಟಿನಿಂದಲೇ ತೆರೆದ ಕಾರುಗಳಲ್ಲಿ ಲೋಟಸ್ ಎಲೀಸ್ ನನಗೆ ಬಹಳ ಇಷ್ಟ. 1996ರಲ್ಲಿ ಬಂದಿತ್ತು. ಅಲ್ಯೂಮಿನಿಯಂ ಪಟ್ಟಿಗಳನ್ನ ವೆಲ್ಡ್ ಮಾಡದೆ ಅಂಟು ಹಾಕಿ ಕೂಡಿಸಿದ ಚಾಸಿ. ಇಡೀ ಕಾರು 725 ಕೆಜಿ. ಬಾಗಿಲ ಕೆಳಗಿನ ಪಟ್ಟಿ ಎಷ್ಟು ಎತ್ತರ ಅಂದರೆ ಗೋಡೆ ದಾಟಿದ ಹಾಗೆ ಕಾಲು ಎತ್ತಿ ಒಳಗಿಡಬೇಕು. ಚಾವಣಿ ಒಂದು ತುಂಡು ಬಟ್ಟೆ, ಕೈಯಲ್ಲೇ ಸುತ್ತಿ ತೆಗೀಬೇಕು. ಮೋಟಾರ್ ಇಲ್ಲ, ಬಟನ್ ಇಲ್ಲ. ಅಂಥದ್ದು ಕೊಟ್ಟರೆ ನಮ್ಮ ಅಂಗಡಿಯಲ್ಲಿ ಒಂದು ವಾರದಲ್ಲಿ ಹೊಸದು ಹೊಲಿದು ಕೊಡಬಹುದು. ಬಾಕ್ಸ್‌ಸ್ಟರ್‌ದು ಹಾಗಲ್ಲ. 9 ಸೆಕೆಂಡಲ್ಲಿ ತೆರೆಯುತ್ತೆ, 50 ಕಿಲೋಮೀಟರ್ ಸ್ಪೀಡಲ್ಲಿ ಹೋಗ್ತಾ ಇದ್ದರೂ ತೆರೆಯುತ್ತೆ. ನೋಡೋಕೆ ಚೆಂದ. ಆದರೆ ಅಷ್ಟು ಮೋಟಾರ್, ಅಷ್ಟು ಕೀಲು, ಅಷ್ಟು ಸೆನ್ಸಾರ್. ಹನ್ನೊಂದು ವರ್ಷದ ಹಳೇದು ಬೇರೆ.

"ನಡುವಿನದ್ದು ಏನಾದ್ರೂ ಇಲ್ವಾ ಮಾವ?" ಅಂದ. ಇದೆ. ಪೋರ್ಷೆಯವರೇ 1965ರಲ್ಲಿ ತಮ್ಮ 911 ಅನ್ನೋ ಕಾರಿಗೆ ಟಾರ್ಗಾ ಅಂತ ತೋರಿಸಿದ್ದರು. ತಲೆ ಹಿಂದೆ ಅಗಲವಾದ ಸ್ಟೀಲ್ ಕಮಾನು ಅಲ್ಲೇ ಇರುತ್ತೆ, ತಲೆ ಮೇಲಿನ ತುಂಡು ಮಾತ್ರ ತೆಗೆಯೋದು. ಪಲ್ಟಿಯಾದರೆ ತಲೆ ಉಳಿಯಲಿ ಅಂತ. ಅಮೆರಿಕದವರು ಓಪನ್ ಕಾರಿಗೇ ನಿಷೇಧ ಹಾಕಬಹುದು ಅನ್ನೋ ಹೆದರಿಕೆ ಆಗ ಇತ್ತು. ಮೊದಮೊದಲು ಅದರ ಹಿಂದಿನ ಕಿಟಕಿ ಪ್ಲಾಸ್ಟಿಕ್ಕು, ಜಿಪ್ ಹಾಕಿದ್ದು! ಬ್ಯಾಗಿನ ಥರ ಎಳೆದು ಬಿಚ್ಚೋದು. ಪೋರ್ಷೆ ಕಾರಿಗೆ ಜಿಪ್ಪು ಅಂತ ಓದಿದ ದಿನ ನಮ್ಮ ಕಸುಬಿನ ಮೇಲೆ ನನಗೇ ಒಂಚೂರು ಹೆಮ್ಮೆ ಬಂದಿತ್ತು. ಆದರೆ ಟಾರ್ಗಾ ಅವನ ಜೇಬಿನದಲ್ಲ. ಆ ಮಾತು ಅಲ್ಲಿಗೇ ಮುಗಿಯಿತು.

ಈಗ ಅವನ ಕಡೆ ಮಾತೂ ಬರೀಬೇಕು. ಓಪನ್ ಕಾರಿನ ಸುಖ ಸುಳ್ಳಲ್ಲ. ಬಹಳ ಹಿಂದೆ ಗಿರಾಕಿಯೊಬ್ಬರ ಸ್ಯಾನ್ ಸ್ಟಾರ್ಮ್‌ಗೆ ಹುಡ್ ಹೊಲಿದಿದ್ದೆ. ನಮ್ಮ ದೇಶದಲ್ಲೇ ಮಾಡಿದ, ಎರಡು ಸೀಟಿನ, ಫೈಬರ್ ಬಾಡಿಯ ಪುಟ್ಟ ಓಪನ್ ಕಾರು, ಒಳಗೆ ರೆನೋ ಎಂಜಿನ್. ಹುಡ್ ಅಳತೆ ನೋಡೋ ನೆಪದಲ್ಲಿ ಬೆಳಿಗ್ಗೆ ಬೇಗ ಕೊಂಡಜ್ಜಿ ಕಡೆ ಓಡಿಸಿದ್ದೆ. ಡಿಸೆಂಬರಿನ ಚಳಿ. ಗುಡ್ಡದ ಹುಲ್ಲಿನ ವಾಸನೆ, ಕೆರೆ ಕಡೆಯ ತಂಪು, ಎಲ್ಲಾ ಮೂಗಿಗೆ ಬರ್ತಿತ್ತು. ಅಷ್ಟು ನಿಧಾನವಾಗಿ ಹೋಗ್ತಾ ಅಷ್ಟು ಖುಷಿಪಟ್ಟದ್ದು ಬೇರೆ ಯಾವ ಕಾರಲ್ಲೂ ಇಲ್ಲ. ಕೇಮನ್‌ನಲ್ಲಿ ಇಷ್ಟು ಖುಷಿ ಸಿಗೋಕೆ ಜೋರಾಗಿ ಹೋಗಬೇಕು, ಓಪನ್ ಕಾರಲ್ಲಿ ನಲವತ್ತಕ್ಕೇ ಸಿಗುತ್ತೆ. ಈ ಮಾತು ಅವನಿಗೆ ಹೇಳಲಿಲ್ಲ. ಹೇಳಿದ್ದರೆ ಸಂಜೆಗೇ ಅಡ್ವಾನ್ಸ್ ಕೊಟ್ಟುಬಿಡ್ತಿದ್ದ.

ಯಾಕಂದರೆ ಆ ಡಿಸೆಂಬರ್ ಬೆಳಗು ವರ್ಷಪೂರ್ತಿ ಇರಲ್ಲ. ಅವನು ಓಡಿಸೋದು ಎಲ್ಲಿ? ಹೈವೇನಲ್ಲಿ, ಚಿತ್ರದುರ್ಗಕ್ಕೆ, ಹಿರಿಯೂರಿಗೆ, ಬೆಂಗಳೂರಿಗೆ. ಲಾರಿ ಪಕ್ಕ ಹೋಗುವಾಗ ಇಂಥ ಕಾರಲ್ಲಿ ನಮ್ಮ ತಲೆ ಲಾರಿ ಚಕ್ರದ ಎತ್ತರಕ್ಕಿರುತ್ತೆ. ಹೊಗೆ ಪೂರ್ತಿ ನಮಗೇ. ದುರ್ಗದ ಹತ್ತಿರ ಗುಡ್ಡದ ಮೇಲೆ ಗಾಳಿ ಫ್ಯಾನುಗಳನ್ನ ಸುಮ್ನೆ ನಿಲ್ಲಿಸಿಲ್ಲ. ಅಲ್ಲಿನ ಗಾಳಿಯಲ್ಲಿ ಟಾಪ್ ತೆಗೆದು ನೂರರಲ್ಲಿ ಹೋದರೆ ಪಕ್ಕದಲ್ಲಿ ಕೂತವರ ಮಾತೂ ಕೇಳಲ್ಲ. ಊರೊಳಗೆ ಇನ್ನೊಂದು ಕಥೆ. ಗಾಂಧಿ ಸರ್ಕಲ್ ಸಿಗ್ನಲ್‌ನಲ್ಲಿ ಟಾಪ್ ತೆಗೆದು ನಿಂತರೆ ಪಕ್ಕದ ಬೈಕಿನವನು ಕಾರೊಳಗೇ ತಲೆ ಹಾಕಿ "ಎಷ್ಟ್ ಕೊಡುತ್ತೆ ಸರ್ ಮೈಲೇಜು?" ಅಂತಾನೆ. ಅದೂ ಪರವಾಗಿಲ್ಲ. ಬಸ್ಸಿನ ಪಕ್ಕ ನಿಂತರೆ? ಅಡಿಕೆ ಸೀಮೆಯಪ್ಪಾ ನಮ್ಮದು. ಕಿಟಕಿಯಿಂದ ಯಾವಾಗ ಎಲೆ ಅಡಿಕೆ, ಗುಟ್ಕಾ ಹಾರುತ್ತೋ ದೇವರೇ ಬಲ್ಲ. ಈ ಒಂದು ಮಾತಿಗೆ ಅಳಿಯ ನಿಜವಾಗಲೂ ಯೋಚನೆಗೆ ಬಿದ್ದ. ಬೆಂಕಿಪೊಟ್ಟಣಕ್ಕಿಂತ ಇದೇ ಕೆಲಸ ಮಾಡಿತು.

ನಮ್ಮ ಜನ ಇದನ್ನ ಆಗಲೇ ಲೆಕ್ಕ ಹಾಕಿದ್ದಾರೆ. 2020ರಲ್ಲಿ ಹೊಸ ಥಾರ್ ಬಂದಾಗ ಬಟ್ಟೆ ಟಾಪ್, ಗಟ್ಟಿ ಟಾಪ್ ಎರಡೂ ಇತ್ತು. ನಮ್ಮೂರ ರಸ್ತೆಯಲ್ಲಿ ನನ್ನ ಕಣ್ಣಿಗೆ ಬೀಳೋದು ಹೆಚ್ಚಾಗಿ ಗಟ್ಟಿ ಟಾಪೇ. ಹುಡ್ ಹೊಲಿಯೋ ನನಗೆ ಅದು ನಷ್ಟ. ಹೇಳೋದಂತೂ ಹೇಳಬೇಕಲ್ಲ.

ಸಾಮಾನಿನ ವಿಷಯ ಬೇಗ ಮುಗಿಸ್ತೀನಿ. ಎರಡರಲ್ಲೂ ಮುಂದೆ 150 ಲೀಟರ್ ಜಾಗ. ಹಿಂದೆ ಬಾಕ್ಸ್‌ಸ್ಟರ್‌ನಲ್ಲಿ 130, ಕೇಮನ್‌ನಲ್ಲಿ 275. ಬಾಕ್ಸ್‌ಸ್ಟರ್ ಟಾಪ್ ಎಂಜಿನ್ ಮೇಲೆ ಮಡಚಿ ಕೂರೋದರಿಂದ ಡಿಕ್ಕಿ ಜಾಗ ತಿನ್ನಲ್ಲ, ಅದು ಜಾಣತನ. ಅದೇ ಕಾಲದ ಬಿಎಂಡಬ್ಲ್ಯೂ ಝಡ್4ಕ್ಕೆ ಮಡಚೋ ಲೋಹದ ಟಾಪ್ ಇತ್ತು. ಅದನ್ನ ಮಡಚಿದರೆ 310 ಲೀಟರ್ ಇದ್ದ ಡಿಕ್ಕಿ 180ಕ್ಕೆ ಇಳೀತಿತ್ತು.

ಇಷ್ಟರಲ್ಲಿ ಅಕ್ಕ ಕೈ ಒರೆಸ್ಕೊಂಡು ಬಂದಳು. ಫೋಟೊ ನೋಡಿದಳು. "ಇದರಾಗೆ ಎಲ್ಡೇ ಸೀಟಾ? ನಾನೆಲ್ಲಿ ಕೂರ್ಲಿ?" ಅಂದಳು. ಮಗ ಉತ್ತರ ಕೊಡಲಿಲ್ಲ. ನಾನೂ ಕೊಡಲಿಲ್ಲ.

ಸಂಜೆ ಅಂಗಡಿಗೆ ಬಂದು ಹೊಸ ಐಡಿಯಾ ತೆಗೆದ. "ಕೇಮನ್ ತಗೊಂಡು ಅದಕ್ಕೆ ನೀವೇ ಸನ್‌ರೂಫ್ ಕಟ್ ಮಾಡಿ ಕೊಟ್ಬಿಡಿ ಮಾವ!" ಪೊಟ್ಟಣಕ್ಕೇ ತೂತು ಕೊರಿ ಅಂದ ಹಾಗಾಯಿತು. ಹಂಗೆಲ್ಲಾ ಕೊರೆಯೋದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್‌ಗೂ ವಿರುದ್ಧ, ನಾಳೆ ಇನ್ಶೂರೆನ್ಸ್‌ನವರೂ ಕೈ ಎತ್ತುತ್ತಾರೆ ಅಂತ ಗದರಿ ಕಳಿಸಿದೆ.

ನನ್ನ ಮಾತು ಕೇಮನ್. ಶೆಡ್ ಇಲ್ಲದ, ಮರದ ಕೆಳಗೆ ನಿಲ್ಲೋ, ಹೈವೇನಲ್ಲಿ ಓಡೋ ಕಾರಿಗೆ ಗಟ್ಟಿ ಟಾಪೇ ಸರಿ. ಅವನು ಶೆಡ್ ಕಟ್ಟಿಸಿ, ಎರಡನೇ ಕಾರಾಗಿ ಇಟ್ಕೊಂಡು, ಚಳಿಗಾಲದಲ್ಲಿ ಆಗಾಗ ತೆಗೀತೀನಿ ಅಂದರೆ ಬಾಕ್ಸ್‌ಸ್ಟರ್‌ಗೆ ನನ್ನ ಅಡ್ಡಿ ಇಲ್ಲ. ಶೆಡ್ಡಿನ ಖರ್ಚೂ ಕಾರಿನ ಲೆಕ್ಕಕ್ಕೇ ಬರೆದುಕೊ ಅಂತ ಹೇಳಿದ್ದೀನಿ.

ಬುಧವಾರ ಬೆಂಗಳೂರಿಗೆ ಹೋಗಿ ಎರಡೂ ನೋಡೋದು ಅಂತ ಆಗಿದೆ. ನಾನೂ ಹೋಗ್ತೀನಿ. ಬಾಕ್ಸ್‌ಸ್ಟರ್ ಟಾಪ್ ಒಂದು ಸಲ ತೆರೆದು ತೋರಿಸಿದರೆ ಸಾಲದು, ಬಿಸಿಲಲ್ಲಿ ನಿಲ್ಲಿಸಿ ಮೇಲಿಂದ ಮೇಲೆ ತೆರೆದು ಮುಚ್ಚಬೇಕು. ಮಡಚೋ ಜಾಗದಲ್ಲಿ ಬಟ್ಟೆ ಬಿಳಿಚಿಕೊಂಡಿದೆಯಾ ನೋಡಬೇಕು. ಹೊಲಿಗೆಯನ್ನ ಉಗುರಲ್ಲಿ ಕೆರೀಬೇಕು. ಸೀಟ್ ಹಿಂದೆ ಸರಿಸಿ ಕಾರ್ಪೆಟ್ ಕೆಳಗೆ ಕೈ ಹಾಕಿ ತೇವ ನೋಡಬೇಕು, ಮೂಸಲೂಬೇಕು. ಆಮೇಲೆ ಎರಡು ಬಕೆಟ್ ನೀರು ನಿಧಾನವಾಗಿ ಮೇಲೆ ಸುರಿದು, ಚಕ್ರದ ಹತ್ತಿರ ಎರಡೂ ಕಡೆ ಇಳಿಯುತ್ತಾ ಅಂತ ಕಾಯಬೇಕು. ಡೀಲರ್ ನೀರು ಹಾಕೋಕೆ ಬಿಡಲ್ಲ ಅಂದರೆ ಆ ಕಾರಿನ ಮಾತು ಅಲ್ಲೇ ಬಿಡೋದು. ಅಳಿಯ ಇದಕ್ಕೆ ಹೂಂ ಅಂದಿದ್ದಾನೆ.