ಒಂದೇ ಬ್ಯಾಗು, ಮೂರು ಹವಾಮಾನ

ಟಾಂಜಾನಿಯಾಗೆ ಬ್ಯಾಗು ತುಂಬುತ್ತಿದ್ದೇನೆ. ಸೆರೆಂಗೆಟಿಯ ಹುಲ್ಲುಗಾವಲಲ್ಲಿ ಸಫಾರಿ, ಕಿಲಿಮಂಜಾರೊ ಬೆಟ್ಟ, ಕೊನೆಗೆ ಜಾಂಜಿಬಾರ್ ಕಡಲು. ಸಫಾರಿಗೆ ಖಾಕಿ ಬಟ್ಟೆ ಸಾಕು. ಕಡುನೀಲಿ, ಕಪ್ಪು ಬೇಡವೇ ಬೇಡ, ಕಚ್ಚುವ ತ್ಸೆತ್ಸೆ ನೊಣಗಳು ಆ ಬಣ್ಣಕ್ಕೇ ಮುತ್ತುತ್ತವೆ. ಕಡಲಿಗೆ ಹತ್ತಿ ಅಂಗಿ, ಚಪ್ಪಲಿ, ಅಷ್ಟೇ.

ಜಾಸ್ತಿ ಯೋಚಿಸಿದ್ದು ಬೆಟ್ಟಕ್ಕೆ. 5,895 ಮೀಟರ್ ಎತ್ತರದ ತುದಿಗೆ ನಡುರಾತ್ರಿ ಹೊರಡಬೇಕು, ಚಳಿ ಸೊನ್ನೆಗಿಂತ ಕೆಳಗೆ. ನೀರಿನ ಬಾಟಲಿಯನ್ನು ತಲೆಕೆಳಗಾಗಿ ಇಟ್ಟುಕೊಳ್ಳಬೇಕು. ನೀರು ಮೇಲಿನಿಂದ ಹೆಪ್ಪುಗಟ್ಟುತ್ತದೆ ಅಲ್ವಾ, ಹಾಗಿಟ್ಟರೆ ಮುಚ್ಚಳ ಕಚ್ಚಿಕೊಳ್ಳುವುದಿಲ್ಲ. ಶೂ ಮಾತ್ರ ಹೊಸದಲ್ಲ, ಹಾಕಿ ಹಾಕಿ ಕಾಲಿಗೆ ಪಳಗಿದ್ದು.

ಈ ಬ್ಯಾಗು ಹೊರುವವರು ಅಲ್ಲಿನ ಪೋರ್ಟರ್‌ಗಳು. ಒಬ್ಬರ ಹೊರೆ 20 ಕಿಲೋ ಮೀರಬಾರದು ಅನ್ನೋದು ನಿಯಮ. ಒಂದೊಂದು ಸಾಮಾನು ಎತ್ತಿಕೊಂಡಾಗಲೂ ‘ಇದನ್ನೂ ಅವರು ಹೊರಬೇಕಾ’ ಅಂತ ಕೇಳಿಕೊಳ್ಳುತ್ತೇನೆ. ಎರಡನೇ ಜಾಕೆಟ್, ದಪ್ಪ ಪುಸ್ತಕ ಈಗಾಗಲೇ ಆಚೆ ಬಂದಿವೆ.