ಅಚ್ಚಿಗೊಂದು ಅಚ್ಚು

ಇವತ್ತು ಉಡುಪಿಯಲ್ಲಿ ಕತ್ತಿ ತಟ್ಟಿಸಲು ಆಚಾರ್ರ ಕುಲುಮೆಗೆ ಹೋಗಿದ್ದೆ. ಮೂಲೆಯಲ್ಲಿ ಎರಡು ಕಬ್ಬಿಣದ ಗಟ್ಟಿಗಳು ಬಿದ್ದಿದ್ದವು. ಎರಡರಲ್ಲೂ ಬಿದಿರು ಸೀಳಿದ ಹಾಗೆ ಒಂದು ಗುಳಿ.

"ಇದೆಂತದ್ದು ಆಚಾರ್ರೇ?"

"ಅಪ್ಪನ ಕಾಲದ್ದು ಮಾರಾಯ್ರೇ. ಗಾಡಿಯ ಅಚ್ಚು ಹೊಡೆಯುವ ಅಚ್ಚು."

ಕುದುರೆಗಾಡಿಯ ಅಚ್ಚಿನ ತುದಿ, ಅಂದ್ರೆ ಚಕ್ರ ಕೂರುವ ಜಾಗ, ಸರಿಯಾಗಿ ದುಂಡಗಿರಬೇಕು. ಸುಮ್ನೆ ಸುತ್ತಿಗೆಯಲ್ಲಿ ಬಡಿದರೆ ಅಲ್ಲಲ್ಲಿ ಮೂಲೆ ಉಳಿಯುತ್ತದೆ. ಅದಕ್ಕೇ ಕೆಳಗಿನ ಗಟ್ಟಿಯನ್ನು ಅಡಿಗಲ್ಲಿನ, ಅಂದ್ರೆ ಕಬ್ಬಿಣ ಇಟ್ಟು ಬಡಿಯುವ ದಿಮ್ಮಿಯ, ತೂತಿಗೆ ಸಿಕ್ಕಿಸುತ್ತಾರೆ. ಕೆಂಪಗೆ ಕಾದ ಸರಳನ್ನು ಗುಳಿಯಲ್ಲಿ ಇಡುತ್ತಾರೆ. ಮೇಲಿನ ಗಟ್ಟಿಯನ್ನು ಒಬ್ಬರು ಹಿಡಿದರೆ ಇನ್ನೊಬ್ಬರು ಅದರ ತಲೆಗೆ ದೊಡ್ಡ ಸುತ್ತಿಗೆಯಲ್ಲಿ ಹೊಡೆಯಬೇಕು. ಪೆಟ್ಟಿಗೊಮ್ಮೆ ಸರಳು ಸ್ವಲ್ಪ ತಿರುಗಬೇಕು. ತಿರುಗಿಸದಿದ್ದರೆ ಎರಡು ಗುಳಿ ಕೂಡುವ ಕಡೆ ಕಬ್ಬಿಣ ರೆಕ್ಕೆಯ ಹಾಗೆ ಹೊರಗೆ ಬರುತ್ತದೆ. ಕೆಂಪು ಆರಿದ ಮೇಲೂ ಹೊಡೆದರೆ ಬಿರುಕು ಬಿಡಬಹುದು. ಹಾಗಾಗಿ ಮತ್ತೆ ಬೆಂಕಿಗೆ, ಮತ್ತೆ ಅಡಿಗಲ್ಲಿಗೆ.

ಹೀಗೆ ಬಡಿದು ಮಾಡಿದ್ದು ಲೇತಿನಲ್ಲಿ ಕಡೆದು ಮಾಡಿದ್ದಕ್ಕಿಂತ ಜಾಸ್ತಿ ಗಟ್ಟಿ. ಕಬ್ಬಿಣದ ಒಳಗಿನ ಎಳೆ ತುಂಡಾಗದೆ ಆಕಾರದ ಜೊತೆಗೇ ಸಾಗುತ್ತದೆ. ಲಾರಿಯ ಆಕ್ಸಲ್‌ಗಳನ್ನು ಕಾರ್ಖಾನೆಯಲ್ಲಿ ಇವತ್ತಿಗೂ ಕಾಯಿಸಿ ಅಚ್ಚಿನ ನಡುವೆ ಒತ್ತಿ ಮಾಡುತ್ತಾರೆ. ಕೈ ಹೋಗಿ ಯಂತ್ರ ಬಂದಿದೆ, ಅಷ್ಟೇ.

ರಥಬೀದಿ ದಾಟುವಾಗಲೂ ಅದೇ ಯೋಚನೆ. ಮಾಡುವ ಸಾಮಾನಿಗೂ ಅಚ್ಚು, ಮಾಡಿದ ಸಾಮಾನಿಗೂ ಅಚ್ಚು ಅಂತಲೇ ಹೆಸರು. ಎಷ್ಟು ಚೆಂದ ಅಲ್ವಾ?

ಆ ಗುಳಿಯ ಒಳಗೆ ಬೆರಳು ಆಡಿಸಿ ನೋಡಿದ್ದೆ. ಹೊರಗೆಲ್ಲ ತುಕ್ಕು, ಒಳಗೆ ಮಾತ್ರ ಇನ್ನೂ ನುಣುಪು. "ಗುಜರಿಗೆ ಮಾತ್ರ ಹಾಕಬೇಡಿ ಆಚಾರ್ರೇ" ಅಂತ ಎರಡೆರಡು ಸಲ ಹೇಳಿ ಬಂದೆ.